ಬೆನ್ನುಹುರಿಗೆ ಸ್ಟೆಮ್ ಸೆಲ್: ತೋಟ ಮಾರುವ ಮೊದಲು

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಕಳೆದ ಆಷಾಢದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಮರ ಹತ್ತಿದವನು ಜಾರಿ ಬಿದ್ದ. ಡಿ10, ಅಂದರೆ ಎದೆಮಟ್ಟದ ಹತ್ತನೇ ಬೆನ್ನುಮೂಳೆ, ಮುರಿದು ಬೆನ್ನುಹುರಿಗೆ ಪೆಟ್ಟಾಗಿದೆ ಎಂದರು. ಆಪರೇಶನ್ ಮಾಡಿ ರಾಡ್, ಸ್ಕ್ರೂ ಹಾಕಿದರು. ಈಗ ಐದು ತಿಂಗಳಾಯಿತು. ಹೊಕ್ಕುಳಿನಿಂದ ಕೆಳಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ, ಕಾಲು ಎತ್ತಲು ಬರುವುದಿಲ್ಲ, ಮೂತ್ರಕ್ಕೆ ಪೈಪ್ ಇದೆ. ಆದರೆ ಒಂದು ತಿಂಗಳಿಂದ ಕಾಲು ಒಮ್ಮೊಮ್ಮೆ ತಾನಾಗಿ ಅದುರುತ್ತದೆ, ಮಡಚಿಕೊಳ್ಳುತ್ತದೆ. ಪರಿಚಯದವರು ಹೇಳಿದರೆಂದು ಒಂದು ಸ್ಟೆಮ್ ಸೆಲ್ ಕೇಂದ್ರಕ್ಕೆ ಹೋಗಿದ್ದೆವು. ಅವನದೇ ಸೊಂಟದ ಮೂಳೆಯಿಂದ ಕೋಶ ತೆಗೆದು ಬೆನ್ನಿಗೆ ಮೂರು ಸಲ ಇಂಜೆಕ್ಷನ್ ಕೊಡುತ್ತೇವೆ, ಒಟ್ಟು ಆರು ಲಕ್ಷ, ತಡ ಮಾಡಿದಷ್ಟೂ ಫಲ ಕಡಿಮೆ ಎಂದರು. ಜಪಾನಿನಲ್ಲಿ ಸ್ಟೆಮ್ ಸೆಲ್ ಹಾಕಿಸಿಕೊಂಡವರೊಬ್ಬರು ಎದ್ದು ನಿಂತ ಸುದ್ದಿಯನ್ನೂ ಮೊಬೈಲಿನಲ್ಲಿ ತೋರಿಸಿದರು. ಅಪ್ಪ ಅರ್ಧ ಎಕರೆ ತೋಟ ಮಾರಲು ಹೊರಟಿದ್ದಾರೆ. ತಮ್ಮನ ಹೆಂಡತಿಗೆ ಈಗ ಏಳು ತಿಂಗಳು. ಮಗುವಿನ ಹೊಕ್ಕುಳಬಳ್ಳಿ ರಕ್ತ ಕಾದಿಟ್ಟರೆ ಮುಂದೆ ಅಪ್ಪನಿಗೇ ಉಪಯೋಗ ಎಂದು ಇನ್ನೊಬ್ಬರು ದಿನಾ ಫೋನ್ ಮಾಡುತ್ತಿದ್ದಾರೆ. ನಾವು ಏನು ಮಾಡಬೇಕು?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ತೋಟದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಈ ಇಂಜೆಕ್ಷನ್ನಿಗಾಗಿ ಮಾರಬೇಡಿ. ಯಾಕೆ ಎನ್ನುವುದು ಸ್ವಲ್ಪ ಉದ್ದದ ವಿಷಯ. ನಿಮ್ಮ ಅಪ್ಪನಿಗೂ ತಮ್ಮನಿಗೂ ಓದಿ ಹೇಳಲು ಬರುವ ಹಾಗೆ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಬಂದಿವೆ. ಸೊಂಟದ ಮೂಳೆಯ ಮಜ್ಜೆಯಿಂದ ತೆಗೆಯುವ ಕೋಶ, ಜಪಾನಿನಲ್ಲಿ ಬಳಸಿದ ನರ ಸ್ಟೆಮ್ ಸೆಲ್, ಹೊಕ್ಕುಳಬಳ್ಳಿ ರಕ್ತದ ಕೋಶ. ಸ್ಟೆಮ್ ಸೆಲ್ ಎಂದರೆ ಬೇರೆ ಕೋಶಗಳನ್ನು ಹುಟ್ಟಿಸುವ ಮೂಲಕೋಶ. ಮೂರಕ್ಕೂ ಸ್ಟೆಮ್ ಸೆಲ್ ಎನ್ನುವುದು ಭತ್ತ, ಕಾಳುಮೆಣಸು, ಅಡಿಕೆ ಮೂರನ್ನೂ ಬೀಜ ಎಂದ ಹಾಗೆ. ಯಾವುದು ಬಿತ್ತಿದರೆ ಯಾವುದು ಏಳುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹೊಕ್ಕುಳಬಳ್ಳಿ ರಕ್ತದ್ದು ಬೇಗ ಮುಗಿಯುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ರಕ್ತ ಹುಟ್ಟಿಸುವ ಕೋಶ. ರಕ್ತದ ಕೆಲವು ಕಾಯಿಲೆಗಳಲ್ಲಿ ಅದರ ಬಳಕೆ ನಿಜ, ಬೆನ್ನುಹುರಿಯಲ್ಲಿ ಅಲ್ಲ. ಮೇಲಾಗಿ ಮಗುವಿನ ಅರ್ಧ ಗುಣ ತಾಯಿಯದು, ಹಾಗಾಗಿ ಅಪ್ಪನ ದೇಹಕ್ಕೆ ಅದು ಪೂರ್ತಿ ಹೊಂದುವುದೂ ಇಲ್ಲ. ಮುಂದೆ ಬೇಕಾದೀತು ಎಂದು ಸ್ವಂತಕ್ಕೆ ಕಾದಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂಬುದೇ ನಮ್ಮ ದೇಶದ ಮಾರ್ಗಸೂಚಿಯ ನಿಲುವು. ಫೋನ್ ಮಾಡುವವರಿಗೆ ಬೇಡ ಎಂದುಬಿಡಿ.

ಇನ್ನು ಬೆನ್ನುಹುರಿಯೊಳಗೆ ಏನಾಗಿದೆ ಎನ್ನುವುದು. ಅದು ಗೊತ್ತಾದರೆ ಉಳಿದದ್ದನ್ನು ನೀವೇ ತೂಗಿ ನೋಡಬಹುದು.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ, ಒಂದೂವರೆ ಅಡಿಗೂ ಸ್ವಲ್ಪ ಕಡಿಮೆ ಉದ್ದ. ಮೂಳೆ ಮುರಿದಾಗ ಅದು ಸಾಮಾನ್ಯವಾಗಿ ಎರಡು ತುಂಡಾಗುವುದಿಲ್ಲ, ಜಜ್ಜಿಹೋಗುತ್ತದೆ. ಆ ಕ್ಷಣದಲ್ಲಿ ಸತ್ತ ಕೋಶಗಳದ್ದು ಒಂದು ನಷ್ಟ. ಆಮೇಲೆ ಗಂಟೆಗಳಿಂದ ವಾರಗಳವರೆಗೆ ರಕ್ತಸ್ರಾವ, ಬಾವು, ಉರಿಯೂತದಿಂದ ಅಕ್ಕಪಕ್ಕದ ಕೋಶಗಳೂ ಸಾಯುತ್ತಾ ಹೋಗುತ್ತವೆ. ಸತ್ತದ್ದನ್ನು ದೇಹ ತೆರವು ಮಾಡಿದ ಮೇಲೆ ಹಲವರಲ್ಲಿ ಅಲ್ಲಿ ನೀರು ತುಂಬಿದ ಪೊಟರೆ ಉಳಿಯುತ್ತದೆ. ಸುತ್ತ ಗಟ್ಟಿ ಕಲೆಯ ಗೋಡೆ ಏಳುತ್ತದೆ. ಮೆದುಳಿನಿಂದ ಇಳಿದು ಬಂದ ನರತಂತುಗಳು ಆ ಗೋಡೆಯ ತನಕ ಬಂದು, ತುದಿ ಊದಿಕೊಂಡು ಅಲ್ಲೇ ನಿಲ್ಲುತ್ತವೆ. ಕಲೆಯಲ್ಲಿರುವ ಕೆಲವು ರಾಸಾಯನಿಕಗಳು ಅವು ಬೆಳೆಯದಂತೆ ತಡೆಯುತ್ತವೆ. ವಯಸ್ಕರ ನರತಂತುಗಳಿಗೆ ಬೆಳೆಯುವ ಶಕ್ತಿಯೂ ಕಡಿಮೆ. ಪೊಟರೆಯ ಸುತ್ತ ತುಂಡಾಗದೆ ಉಳಿದ ತಂತುಗಳೂ ಇರಬಹುದು, ಆದರೆ ಅವುಗಳ ಮೇಲಿನ ಮಯಲಿನ್ ಹೊದಿಕೆ ಕಳಚಿಹೋಗಿ ಸಂದೇಶ ಸೋರುತ್ತದೆ.

ಕಾಲಿನ ಸ್ನಾಯುಗಳನ್ನು ನಡೆಸುವ ನರಕೋಶಗಳು ಈ ಗಾಯಕ್ಕಿಂತ ಕೆಳಗಿವೆ. ನಿಮ್ಮ ತಮ್ಮನಲ್ಲಿ ಅವು ಬಹುಪಾಲು ಬದುಕಿವೆ ಎನ್ನುವುದಕ್ಕೆ ಅವನ ಕಾಲೇ ಸಾಕ್ಷಿ. ಕಾಲು ತಾನಾಗಿ ಅದುರಿ ಮಡಚಿಕೊಳ್ಳುತ್ತದೆ ಎಂದು ಬರೆದಿದ್ದೀರಲ್ಲ, ಅದು ಮೆದುಳಿನ ಅಪ್ಪಣೆಯಿಲ್ಲದೆ ಬೆನ್ನುಹುರಿಯ ಕೆಳಭಾಗ ತಾನೇ ಮಾಡುವ ಸೆಳೆತ. ಪೆಟ್ಟಾದ ಹೊಸದರಲ್ಲಿ ಕಾಲು ಬಟ್ಟೆಯಂತೆ ಸಡಿಲವಿದ್ದು, ವಾರಗಳು, ತಿಂಗಳುಗಳು ಕಳೆದ ಮೇಲೆ ಈ ಸೆಳೆತ ಶುರುವಾಗುವುದು ಮಾಮೂಲು. ಇದನ್ನೇ ಬಲ ಬರುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ಇಂಜೆಕ್ಷನ್ ಹಾಕಿದ ಮೇಲೆ ಶುರುವಾದರಂತೂ ಅದರ ಗುಣವೇ ಎನ್ನುತ್ತಾರೆ. ಪರೀಕ್ಷೆ ಸುಲಭ. ತಮ್ಮನನ್ನು ಅಂಗಾತ ಮಲಗಿಸಿ, ಕಾಲು ಮುಟ್ಟದೆ, ಹೊದಿಕೆ ಎಳೆಯದೆ, "ಬಲಗಾಲಿನ ಹೆಬ್ಬೆರಳು ಮೇಲೆತ್ತು, ಈಗ ಬಿಡು" ಎಂದು ಐದಾರು ಸಲ ಹೇಳಿ. ಹೇಳಿದಾಗ ಮಾತ್ರ, ಹೇಳಿದಷ್ಟು ಸಲವೂ ಕೂದಲೆಳೆಯಷ್ಟಾದರೂ ಅಲುಗಿದರೆ ಅದು ನಿಜವಾದ ಚಲನೆ, ತಕ್ಷಣ ವೈದ್ಯರಿಗೆ ತೋರಿಸಿ. ಹೊದಿಕೆ ಸರಿಸಿದಾಗ, ಮಗ್ಗುಲು ಬದಲಿಸಿದಾಗ ಬರುವುದು ಸೆಳೆತ. ಇದ್ದ ಸೆಳೆತ ಒಮ್ಮೆಲೇ ಜಾಸ್ತಿಯಾದರೆ ಮೂತ್ರದ ಸೋಂಕು, ಹಾಸಿಗೆ ಹುಣ್ಣು, ಮಲಬದ್ಧತೆ ಇವುಗಳಲ್ಲಿ ಒಂದು ಇದೆಯೇ ಎಂದು ಹುಡುಕಬೇಕು.

ಈ ಪೊಟರೆಗೆ ನರ ಸ್ಟೆಮ್ ಸೆಲ್ ಯಾಕೆ ಹಾಕುತ್ತಾರೆ? ಅದು ನರವ್ಯೂಹದ್ದೇ ಬೀಜ. ಅದರಿಂದ ಮೂರು ಬಗೆಯ ಕೋಶ ಹುಟ್ಟುತ್ತದೆ: ಸಂದೇಶ ಒಯ್ಯುವ ನರಕೋಶ, ಅದಕ್ಕೆ ಆಸರೆ ಕೊಡುವ ಆಸ್ಟ್ರೋಸೈಟ್, ಮಯಲಿನ್ ಹೊದಿಸುವ ಆಲಿಗೋಡೆಂಡ್ರೋಸೈಟ್. ಬೆತ್ತಲಾದ ತಂತುಗಳಿಗೆ ಹೊದಿಕೆ ಬಂದೀತು, ಹೊಸ ಕೋಶಗಳು ಬದುಕಿರುವ ಕೋಶಗಳಿಗೆ ಪೋಷಣೆ ಕೊಟ್ಟಾವು ಎನ್ನುವುದು ಒಂದು ನಿರೀಕ್ಷೆ. ದೊಡ್ಡ ನಿರೀಕ್ಷೆ ಬೇರೆಯೇ ಇದೆ. ಮೇಲಿನಿಂದ ಬಂದ ತಂತು ಗಾಯವನ್ನು ದಾಟಲಾರದೆ ಹೋದರೂ ಮಧ್ಯದಲ್ಲಿ ನೆಟ್ಟ ನರಕೋಶಕ್ಕೆ ಸಂದೇಶ ಮುಟ್ಟಿಸಿ, ಅದು ತನ್ನ ತಂತುವನ್ನು ಕೆಳಕ್ಕೆ ಚಾಚಿ ದಾಟಿಸಬಹುದು, ರಿಲೇ ಓಟದಲ್ಲಿ ಕೋಲು ಕೈ ಬದಲಾದ ಹಾಗೆ. ಇಲಿಗಳಲ್ಲಿ ಇದು ಕಾಣಿಸಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ತಂಡ 2012ರಲ್ಲಿ, ಪೂರ್ತಿ ಕತ್ತರಿಸಿದ ಬೆನ್ನುಹುರಿಗೆ ನೆಟ್ಟ ಕೋಶಗಳಿಂದ ತಂತುಗಳು ಬಹುದೂರ ಬೆಳೆದದ್ದನ್ನು ತೋರಿಸಿತು. ಹಾಗಾಗಿ ಈ ವಿಜ್ಞಾನ ಸುಳ್ಳಲ್ಲ. ಮನುಷ್ಯರಲ್ಲಿ ಎಷ್ಟು ದೂರ ಬಂದಿದೆ ಎನ್ನುವುದೇ ಪ್ರಶ್ನೆ.

ಮಜ್ಜೆಯ ಕೋಶಕ್ಕೆ ಈ ಯಾವ ಗುಣವೂ ಇಲ್ಲ. ಅಲ್ಲಿರುವುದು ಬಹುಪಾಲು ರಕ್ತ ಹುಟ್ಟಿಸುವ ಕೋಶ. ಜೊತೆಗೆ ಮೆಸೆಂಕೈಮಲ್ ಎನ್ನುವ ಬಗೆ ಅತಿ ಸ್ವಲ್ಪ, ಅದು ಮೂಳೆ, ಕೊಬ್ಬು, ಮೃದ್ವಸ್ಥಿ ಆಗಬಲ್ಲದು. ಇವು ಮನುಷ್ಯರ ಬೆನ್ನುಹುರಿಯೊಳಗೆ ಕೆಲಸ ಮಾಡುವ ನರಕೋಶವಾದದ್ದಕ್ಕೆ ಪುರಾವೆ ಇಲ್ಲ. ಮೆಸೆಂಕೈಮಲ್ ಕೋಶಗಳು ಉರಿಯೂತ ತಗ್ಗಿಸುವ ವಸ್ತುಗಳನ್ನು ಸ್ರವಿಸುತ್ತವೆ, ಅದರಿಂದ ಉಪಯೋಗ ಆಗಬಹುದೇ ಎಂದು ಪ್ರಾಮಾಣಿಕವಾಗಿ ಪರೀಕ್ಷಿಸುವವರೂ ಇದ್ದಾರೆ. ಅಮೆರಿಕದ ಮೇಯೊ ಕ್ಲಿನಿಕ್ 2024ರಲ್ಲಿ ಹತ್ತು ಜನರ ಫಲಿತಾಂಶ ಪ್ರಕಟಿಸಿತು. ರೋಗಿಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ನಾಲ್ಕು ವಾರ ಪ್ರಯೋಗಾಲಯದಲ್ಲಿ ಬೆಳೆಸಿ, 10 ಕೋಟಿ ಕೋಶಗಳನ್ನು ಸೊಂಟದ ಬಳಿ ಬೆನ್ನುನೀರಿಗೆ, ಅಂದರೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ, ಬಿಟ್ಟರು. ಏಳು ಜನರ ಗಾಯದ ಶ್ರೇಣಿ, ಅಂದರೆ ಸ್ಪರ್ಶ ಮತ್ತು ಚಲನೆ ಎಷ್ಟು ಉಳಿದಿದೆ ಎಂಬ ಅಳತೆ, ಮೇಲೇರಿತು. ಆದರೆ ಹೋಲಿಸಿ ನೋಡಲು ಕೋಶ ಹಾಕದ ಗುಂಪು ಇರಲಿಲ್ಲ. ಅಪಾಯ ಇದೆಯೇ ಎಂದು ನೋಡುವುದೇ ಆ ಹಂತದ ಉದ್ದೇಶವಾಗಿತ್ತು. ಬೆಳಿಗ್ಗೆ ಸೊಂಟದಿಂದ ಮಜ್ಜೆ ಎಳೆದು, ಯಂತ್ರದಲ್ಲಿ ತಿರುಗಿಸಿ, ಅದೇ ದಿನ ಬೆನ್ನಿಗೆ ಚುಚ್ಚುವವರು ಈ ಪ್ರಯೋಗದ ಹೆಸರು ಹೇಳಿದರೂ ಮಾಡುತ್ತಿರುವುದು ಅದನ್ನಲ್ಲ.

ಜಪಾನಿನ ಸುದ್ದಿಗೆ ಬರೋಣ. ಅದು ನಿಜವಾದ ಸುದ್ದಿ, ದೊಡ್ಡ ಸುದ್ದಿಯೂ ಹೌದು. ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ಹಿದೆಯುಕಿ ಒಕಾನೊ ಮತ್ತು ಮಸಾಯಾ ನಕಾಮುರಾ ಅವರ ತಂಡದ ಕೆಲಸ. ದಾನಿಯ ಸಾಮಾನ್ಯ ಕೋಶವನ್ನು ಹಿಂದಕ್ಕೆ ತಿರುಗಿಸಿ ಮೂಲಕೋಶದಂತೆ ಮಾಡುವ ಐಪಿಎಸ್ ತಂತ್ರ ಶಿನ್ಯಾ ಯಮನಕಾ ಅವರದು, ಅದಕ್ಕೆ 2012ರಲ್ಲಿ ನೊಬೆಲ್ ಬಂತು. ಅಂಥ ಕೋಶಗಳಿಂದ ನರದ ಪೂರ್ವಕೋಶಗಳನ್ನು ಬೆಳೆಸಿ, ತಲಾ 20 ಲಕ್ಷದಂತೆ ನಾಲ್ಕು ಜನರ ಗಾಯದ ಜಾಗಕ್ಕೆ ಹಾಕಿದರು. ಮೊದಲ ಶಸ್ತ್ರಚಿಕಿತ್ಸೆ 2021ರ ಡಿಸೆಂಬರಿನಲ್ಲಿ ನಡೆಯಿತು. 2025ರ ಮಾರ್ಚಿನಲ್ಲಿ ಫಲಿತಾಂಶ ಹೇಳಿದರು: ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ, ಒಬ್ಬರು ಆಸರೆಯಿಲ್ಲದೆ ನಿಂತು ನಡಿಗೆಯ ಅಭ್ಯಾಸ ಮಾಡುವಷ್ಟಾದರು, ಇನ್ನೊಬ್ಬರಲ್ಲಿ ಸ್ವಲ್ಪ ಚಲನೆ ಬಂತು, ಉಳಿದ ಇಬ್ಬರ ಶ್ರೇಣಿ ಬದಲಾಗಲಿಲ್ಲ.

ಇದನ್ನು ಓದುವಾಗ ಎರಡು ವಿಷಯ ಬಿಡಬಾರದು. ಆ ನಾಲ್ವರಿಗೂ ಕೋಶ ಹಾಕಿದ್ದು ಪೆಟ್ಟಾದ 14ರಿಂದ 28 ದಿನಗಳ ಒಳಗೆ. ಆರಂಭದ ಉರಿಯೂತ ಇಳಿದು, ಕಲೆಯ ಗೋಡೆ ಇನ್ನೂ ಗಟ್ಟಿಯಾಗದ ಕಿರು ಅವಧಿ ಅದು. ನಿಮ್ಮ ತಮ್ಮನ ವಿಷಯದಲ್ಲಿ ಅದು ನಾಲ್ಕು ತಿಂಗಳ ಹಿಂದೆಯೇ ದಾಟಿದೆ. ಎರಡನೆಯದು, ಆ ಅವಧಿಯಲ್ಲಿ ಏನೂ ಹಾಕದಿದ್ದರೂ ಕೆಲವರು ಸುಧಾರಿಸುತ್ತಾರೆ. ಗಾಯದ ತೀವ್ರತೆಯನ್ನು 'ಎ'ಯಿಂದ 'ಇ'ವರೆಗೆ ಐದು ಶ್ರೇಣಿಗಳಲ್ಲಿ ಬರೆಯುತ್ತೇವೆ. 'ಎ' ಎಂದರೆ ಗುದದ್ವಾರದ ಸುತ್ತಲಿನ ಕೊನೆಯ ನರಗಳಲ್ಲೂ ಸ್ಪರ್ಶವಿಲ್ಲ, ಹಿಡಿತವಿಲ್ಲ. ಆರಂಭದಲ್ಲಿ 'ಎ' ಆಗಿದ್ದ ನೂರು ಜನರಲ್ಲಿ ಸುಮಾರು 80 ಜನ ಅಲ್ಲೇ ಉಳಿಯುತ್ತಾರೆ, ಸುಮಾರು 10 ಜನರಿಗೆ ಸ್ಪರ್ಶ ಬರುತ್ತದೆ, ಇನ್ನು 10 ಜನರಿಗೆ ಸ್ವಲ್ಪ ಚಲನೆಯೂ ಬರುತ್ತದೆ. ಕುತ್ತಿಗೆಯ ಗಾಯದಲ್ಲಿ ಇದು ಹೆಚ್ಚು, ಎದೆಯ ಮಟ್ಟದ ಗಾಯದಲ್ಲಿ ಕಡಿಮೆ. ನಾಲ್ಕೇ ಜನರಲ್ಲಿ ಇಬ್ಬರು ಸುಧಾರಿಸಿದಾಗ ಅದರಲ್ಲಿ ಕೋಶದ ಪಾಲೆಷ್ಟು, ದೇಹದ ಪಾಲೆಷ್ಟು ಎಂದು ಬಿಡಿಸಲು ಆಗುವುದಿಲ್ಲ. ಅದಕ್ಕೆ ಹೋಲಿಕೆ ಗುಂಪಿರುವ ದೊಡ್ಡ ಪ್ರಯೋಗವೇ ಬೇಕು.

ನಿಮ್ಮ ತಮ್ಮನಿಗೆ ಹೆಚ್ಚು ಹತ್ತಿರದ್ದು ಇನ್ನೊಂದು ಪ್ರಯೋಗ, ಆ ಕೇಂದ್ರದವರು ಇದರ ಸುದ್ದಿ ಎತ್ತಿದ ಹಾಗಿಲ್ಲ. ಸ್ಯಾನ್ ಡಿಯಾಗೊದಲ್ಲಿ ಭ್ರೂಣದ ಬೆನ್ನುಹುರಿಯಿಂದ ಪಡೆದ ಎನ್‌ಎಸ್‌ಐ-566 ಎಂಬ ನರ ಸ್ಟೆಮ್ ಸೆಲ್ಲನ್ನು, ಎದೆಯ ಮಟ್ಟದಲ್ಲಿ ಹಳೆಯ ಗಾಯವಿದ್ದ ನಾಲ್ಕು ಜನರಿಗೆ ಹಾಕಿದರು. ಮೊದಲ ವರದಿ ಬಂದದ್ದು 2018ರಲ್ಲಿ, ಐದು ವರ್ಷದ ವರದಿ 2024ರಲ್ಲಿ. ಗಂಭೀರ ತೊಂದರೆ ಆಗಲಿಲ್ಲ, ಇಬ್ಬರಲ್ಲಿ ಸ್ಪರ್ಶ ಮತ್ತು ಸ್ನಾಯುವಿನ ಅಂಕಗಳಲ್ಲಿ ಒಂದೆರಡು ಮಟ್ಟದ ಸುಧಾರಣೆ ಕಂಡಿತು. ನಡೆದಾಡುವಂತೆ ಯಾರೂ ಆಗಲಿಲ್ಲ. ಹಳೆಯ ಗಾಯಕ್ಕೆ ಇಂದು ನರ ಸ್ಟೆಮ್ ಸೆಲ್ ಕೊಟ್ಟಿರುವ ಫಲ ಹೆಚ್ಚುಕಡಿಮೆ ಇಷ್ಟೇ.

ಸೋತದ್ದನ್ನೂ ಹೇಳಬೇಕು, ಯಾಕೆಂದರೆ ಕೇಂದ್ರಗಳ ಗೋಡೆಯ ಮೇಲೆ ಅದು ಇರುವುದಿಲ್ಲ. ಸ್ಟೆಮ್‌ಸೆಲ್ಸ್ ಇಂಕ್ ಎಂಬ ಅಮೆರಿಕದ ಕಂಪನಿ ಭ್ರೂಣದ ಮೆದುಳಿನಿಂದ ಪಡೆದ ನರ ಸ್ಟೆಮ್ ಸೆಲ್ಲನ್ನು 2011ರಿಂದ ಜ್ಯೂರಿಕ್‌ನಲ್ಲಿ ಎದೆಮಟ್ಟದ ಗಾಯಕ್ಕೆ ಹಾಕಿ ನೋಡಿತು. ಕೆಲವರಿಗೆ ಸ್ಪರ್ಶ ಸ್ವಲ್ಪ ಕೆಳಕ್ಕೆ ಇಳಿದು ಬಂತು. ಆಮೇಲೆ ಕುತ್ತಿಗೆಯ ಗಾಯದಲ್ಲಿ ಕೈಯ ಬಲ ಹೆಚ್ಚುತ್ತದೆಯೇ ಎಂದು ದೊಡ್ಡ ಪ್ರಯೋಗ ಶುರು ಮಾಡಿ, ಸಿಕ್ಕ ಫಲ ಸಾಲದೆಂದು 2016ರಲ್ಲಿ ಮಧ್ಯದಲ್ಲೇ ನಿಲ್ಲಿಸಿತು. ಒಳ್ಳೆಯ ಕೋಶ, ನುರಿತ ಶಸ್ತ್ರಚಿಕಿತ್ಸಕರು, ಶಿಸ್ತಿನ ಲೆಕ್ಕ ಎಲ್ಲ ಇದ್ದೂ ಹೀಗಾಯಿತು.

ಇಂಜೆಕ್ಷನ್ ಎನ್ನುವ ಪದವೇ ದಾರಿ ತಪ್ಪಿಸುತ್ತದೆ. ನರ ಸ್ಟೆಮ್ ಸೆಲ್ ಕಸಿ ಎಂದರೆ ಪೂರ್ತಿ ಅರಿವಳಿಕೆ ಕೊಟ್ಟು, ಬೋರಲು ಮಲಗಿಸಿ, ಬೆನ್ನಿನ ಸ್ನಾಯು ಸರಿಸಿ, ಬೆನ್ನುಮೂಳೆಯ ಹಿಂಬದಿಯ ತಗಡಿನಂಥ ಭಾಗ ತೆಗೆದು, ಬೆನ್ನುಹುರಿಯ ಮೇಲಿನ ಡ್ಯೂರಾ ಪೊರೆಯನ್ನು ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆ. ಸ್ಯಾನ್ ಡಿಯಾಗೊದಲ್ಲಿ ಹಿಂದೆ ಹಾಕಿದ್ದ ರಾಡ್, ಸ್ಕ್ರೂಗಳನ್ನೂ ಮೊದಲು ತೆಗೆಯಬೇಕಾಯಿತು. ಬೆನ್ನುಹುರಿ ಪ್ರತಿ ಉಸಿರಿಗೆ, ಪ್ರತಿ ನಾಡಿಬಡಿತಕ್ಕೆ ಅಲುಗುತ್ತದೆ, ಬರಿಗೈಯಲ್ಲಿ ಹಿಡಿದ ಸೂಜಿ ಅದನ್ನು ಕೊಯ್ದುಬಿಡಬಹುದು. ಅದಕ್ಕೇ ಸೂಜಿಯನ್ನು ಚೌಕಟ್ಟಿಗೆ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಆರು ಜಾಗಗಳಲ್ಲಿ ಚುಚ್ಚಿದರು. ಒಂದೊಂದು ಜಾಗಕ್ಕೆ ಹೋಗುವ ದ್ರವ ಒಂದು ಹನಿ ನೀರಿಗಿಂತಲೂ ಕಡಿಮೆ. ಬೇಗ ತಳ್ಳಿದರೆ ಒತ್ತಡಕ್ಕೆ ಹುರಿ ಜಜ್ಜುತ್ತದೆ, ಸೂಜಿ ಬೇಗ ಹೊರಗೆಳೆದರೆ ಕೋಶಗಳು ಅದೇ ದಾರಿಯಲ್ಲಿ ಹೊರಗೆ ಉಕ್ಕುತ್ತವೆ. ಕೊನೆಗೆ ಪೊರೆಯನ್ನು ನೀರು ಸೋರದಂತೆ ಹೊಲಿಯಬೇಕು. ಸೋರಿದರೆ ತಲೆನೋವು, ಮೆದುಳುಪೊರೆಯ ಸೋಂಕು.

ಕೋಶ ಇನ್ನೊಬ್ಬರದು, ಆದ್ದರಿಂದ ದೇಹ ಅದನ್ನು ಕೊಲ್ಲದಂತೆ ಟ್ಯಾಕ್ರೋಲಿಮಸ್‌ನಂಥ ಔಷಧಿಯಿಂದ ರೋಗನಿರೋಧಕ ಶಕ್ತಿಯನ್ನು ತಿಂಗಳುಗಟ್ಟಲೆ ತಗ್ಗಿಸಬೇಕಾಗುತ್ತದೆ. ಅದು ಮೂತ್ರಪಿಂಡಕ್ಕೆ ಭಾರ, ಸಕ್ಕರೆ ಏರಿಸುತ್ತದೆ. ಮೂತ್ರದ ಪೈಪಿನಲ್ಲಿ ಸದಾ ಬ್ಯಾಕ್ಟೀರಿಯಾ ಇರುವವರಲ್ಲಿ, ಹಾಸಿಗೆ ಹುಣ್ಣು ಇರುವವರಲ್ಲಿ ಸೋಂಕು ರಕ್ತಕ್ಕೆ ಹಬ್ಬಿದರೆ ಜೀವಕ್ಕೇ ಅಪಾಯ. ಸೂಜಿಯಿಂದ ಗಾಯದ ಮೇಲಿನ ಒಂದೆರಡು ಮಟ್ಟ ಕೆಟ್ಟರೆ ನಿಮ್ಮ ತಮ್ಮ ಈಗ ಕುಳಿತುಕೊಳ್ಳಲು ಬಳಸುವ ಹೊಟ್ಟೆ, ಬೆನ್ನಿನ ಸ್ನಾಯುಗಳ ಹಿಡಿತ ಕಡಿಮೆಯಾದೀತು. ನೆಟ್ಟ ಕೋಶಗಳು ತಪ್ಪು ಜಾಗಕ್ಕೆ ಕವಲೊಡೆದರೆ ಉರಿನೋವು ಹುಟ್ಟಬಹುದು, ಪ್ರಾಣಿಗಳಲ್ಲಿ ಇದನ್ನು ಕಂಡಿದ್ದಾರೆ. ಬೆಳವಣಿಗೆ ನಿಲ್ಲಿಸದ ಕೋಶ ಉಳಿದುಕೊಂಡರೆ ಗೆಡ್ಡೆ. ಈ ಭಯಕ್ಕೇ ಕೇಯೊ ತಂಡ ಕೋಶಗಳನ್ನು ಕಸಿಗೆ ಮೊದಲು ಔಷಧಿಯಿಂದ ಪಕ್ವಗೊಳಿಸಿತು.

ಗೆಡ್ಡೆ ಬರೀ ಊಹೆಯ ಮಾತಲ್ಲ. ಪೋರ್ಚುಗಲ್‌ನಲ್ಲಿ ಮೂಗಿನ ಒಳಪೊರೆಯನ್ನು ಬೆನ್ನುಹುರಿಯ ಗಾಯಕ್ಕೆ ಕಸಿ ಮಾಡಿಸಿಕೊಂಡ ಒಬ್ಬ ಯುವತಿಗೆ ಎಂಟು ವರ್ಷದ ಮೇಲೆ ಬೆನ್ನುನೋವು ಶುರುವಾಯಿತು. ತೆರೆದು ನೋಡಿದರೆ ಬೆನ್ನುಹುರಿಯ ಜಾಗದಲ್ಲಿ ಸಿಂಬಳ ಸ್ರವಿಸುವ ಗೆಡ್ಡೆ. 2014ರಲ್ಲಿ ಇದು ವರದಿಯಾಯಿತು. ಪಾರ್ಶ್ವವಾಯುವಿಗೆಂದು ಚೀನಾ, ಅರ್ಜೆಂಟೀನಾ, ಮೆಕ್ಸಿಕೊಗಳಿಗೆ ಹೋಗಿ ಹಣ ಕೊಟ್ಟು ಬೆನ್ನುನೀರಿಗೆ ಸ್ಟೆಮ್ ಸೆಲ್ ಹಾಕಿಸಿಕೊಂಡ ಇನ್ನೊಬ್ಬರ ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆದು ಕಾಲಿನ ಬಲ ಹೋಯಿತು. ಪರೀಕ್ಷಿಸಿದಾಗ ಗೆಡ್ಡೆಯ ಕೋಶಗಳು ಅವರ ದೇಹದ್ದೇ ಆಗಿರಲಿಲ್ಲ. ಇದು 2016ರ ವರದಿ.

ನಿಮ್ಮ ತಮ್ಮನಿಗೆ ಹೇಳಿರುವ ಮಜ್ಜೆ ಇಂಜೆಕ್ಷನ್ನಿನಲ್ಲಿ ಗೆಡ್ಡೆಯ ಅಪಾಯ ಇಷ್ಟಿಲ್ಲ, ಅದನ್ನು ಒಪ್ಪುತ್ತೇನೆ. ಅಲ್ಲಿ ಬರುವ ತೊಂದರೆ ಬೇರೆ: ಜ್ವರ, ತಲೆನೋವು, ಬೆನ್ನುನೀರಿನ ಸೋಂಕು, ನರಗಳ ಸುತ್ತಲಿನ ಪೊರೆ ಅಂಟಿಕೊಂಡು ಬರುವ ನೋವು. ಗಾಯ ಡಿ10ರಲ್ಲಿ, ಸೂಜಿ ಹೋಗುವುದು ಸೊಂಟದಲ್ಲಿ. ಬೆನ್ನುನೀರಿನಲ್ಲಿ ತೇಲುವ ಕೋಶಗಳು ಪೊಟರೆಯೊಳಗೆ ಹೋಗಿ ನೆಲೆಸುತ್ತವೆ ಎಂದು ನಂಬಲು ಕಾರಣವಿಲ್ಲ. ಇನ್ನೂ ಒಂದು ನಷ್ಟವಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಿಂದೆ ಯಾವುದೇ ಸ್ಟೆಮ್ ಸೆಲ್ ಹಾಕಿಸಿಕೊಂಡವರನ್ನು ಒಳ್ಳೆಯ ಪ್ರಯೋಗಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮುಂದೆ ನಿಜವಾದ ಅವಕಾಶ ಬಂದಾಗ ಈ ಮೂರು ಇಂಜೆಕ್ಷನ್ನುಗಳೇ ಬಾಗಿಲು ಮುಚ್ಚಬಹುದು.

"ತಡ ಮಾಡಿದಷ್ಟೂ ಫಲ ಕಡಿಮೆ" ಎನ್ನುವ ಮಾತಿನ ಒಳಗುಟ್ಟು ಇದು. ಪೆಟ್ಟಾದ ಮೊದಲ ಆರು ತಿಂಗಳಲ್ಲಿ ದೇಹದ ಸ್ವಂತ ಚೇತರಿಕೆ ಹೆಚ್ಚು, ಒಂದೂವರೆ ವರ್ಷದವರೆಗೂ ನಿಧಾನವಾಗಿ ನಡೆಯುತ್ತದೆ. ಈಗಲೇ ಹಾಕಿಸಿದರೆ ಬರುವ ಸಣ್ಣ ಸುಧಾರಣೆಯೆಲ್ಲ ಇಂಜೆಕ್ಷನ್ನಿನ ಲೆಕ್ಕಕ್ಕೆ ಸೇರುತ್ತದೆ. ಅದರ ಜೊತೆ ಕೊಡುವ ದಿನಾ ಮೂರು ನಾಲ್ಕು ತಾಸಿನ ಫಿಸಿಯೋಥೆರಪಿಯ ಫಲವೂ ಅದರದೇ ಆಗುತ್ತದೆ. ಆ ಫಿಸಿಯೋಥೆರಪಿಯನ್ನು ಇಂಜೆಕ್ಷನ್ ಇಲ್ಲದೆಯೂ ಮಾಡಿಸಬಹುದು.

ಕಾನೂನು ಏನು ಹೇಳುತ್ತದೆ ಎನ್ನುವುದೂ ನಿಮಗೆ ಗೊತ್ತಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ರಕ್ತಮೂಲ ಕೋಶಗಳ ಕಸಿ ಬಿಟ್ಟರೆ ಬೇರೆ ಯಾವ ಸ್ಟೆಮ್ ಸೆಲ್ ಬಳಕೆಯೂ ಒಪ್ಪಿತ ಚಿಕಿತ್ಸೆಯಲ್ಲ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಪ್ರಯೋಗವಾದರೆ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಅದಕ್ಕೆ ಸಂಖ್ಯೆ ಇರುತ್ತದೆ, ವರ್ಷ ಮತ್ತು ತಿಂಗಳು ಅದರಲ್ಲೇ ಕಾಣುತ್ತವೆ. ಆ ಸಂಖ್ಯೆ ಕೇಳಿ, ಜಾಲತಾಣದಲ್ಲಿ ಯಾರಿಂದಲಾದರೂ ತೆಗೆಸಿ ನೋಡಿ. ಬೆನ್ನುಹುರಿಯ ಗಾಯಕ್ಕೇ ಇದೆಯೇ, ಎಷ್ಟು ತಿಂಗಳ ಗಾಯದವರನ್ನು ತೆಗೆದುಕೊಳ್ಳುತ್ತಾರೆ, ಈ ಆಸ್ಪತ್ರೆಯ ಹೆಸರು ಅದರಲ್ಲಿದೆಯೇ, ಪ್ರಯೋಗ ಇನ್ನೂ ನಡೆಯುತ್ತಿದೆಯೇ? ನೋಂದಣಿ ಸಂಖ್ಯೆ ಇದ್ದ ಮಾತ್ರಕ್ಕೆ ಒಳ್ಳೆಯದು ಎಂದಲ್ಲ, ಅದು ಇಲ್ಲದಿದ್ದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪತ್ರ, ಕನ್ನಡದಲ್ಲಿ ಬರೆದ ಸಮ್ಮತಿ ಪತ್ರ ಕೇಳಿ. ಪ್ರಯೋಗದಲ್ಲಿ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳಿವೆ. ಪರೀಕ್ಷಿಸುತ್ತಿರುವ ಕೋಶಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ. ಆರು ಲಕ್ಷ ಕೇಳಿದರು ಎಂದ ಮೇಲೆ ಅದು ಪ್ರಯೋಗವಲ್ಲ.

ಹಾಗಾದರೆ ಈಗ ಏನು? ಮೊದಲು, ತಮ್ಮನ ಶ್ರೇಣಿಯನ್ನು ಸರಿಯಾಗಿ ಗುರುತಿಸಿ. ಹಲವು ಡಿಸ್ಚಾರ್ಜ್ ಸಮ್ಮರಿಗಳಲ್ಲಿ 'ಪ್ಯಾರಾಪ್ಲೀಜಿಯಾ' (ಎರಡೂ ಕಾಲಿನ ಸ್ವಾಧೀನ ಹೋಗಿದೆ) ಎಂದಷ್ಟೇ ಬರೆದಿರುತ್ತದೆ. ದೇಹದ ಎರಡೂ ಬದಿಯಲ್ಲಿ 28 ಬಿಂದುಗಳ ಸ್ಪರ್ಶ, ಹತ್ತು ಸ್ನಾಯುಗಳ ಬಲ, ಕೊನೆಗೆ ಗುದದ್ವಾರದ ಪರೀಕ್ಷೆ ಸೇರಿ ಒಂದು ಪುಟದ ನಕ್ಷೆ ಇದೆ, ಅದನ್ನು ತುಂಬಿಸಿಕೊಳ್ಳಬೇಕು. ಗುದದ ಪರೀಕ್ಷೆಯನ್ನು ಮುಜುಗರದಿಂದ ಬಿಟ್ಟುಬಿಡುತ್ತಾರೆ, ಆದರೆ 'ಎ'ಯೋ 'ಬಿ'ಯೋ ಎಂದು ತೀರ್ಮಾನವಾಗುವುದು ಅಲ್ಲಿಯೇ. ಅಲ್ಲಿ ಸ್ವಲ್ಪ ಸ್ಪರ್ಶ ಉಳಿದಿದ್ದರೂ ಮುಂದಿನ ದಾರಿ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗ, ವೆಲ್ಲೂರಿನ ಸಿಎಂಸಿಯ ಪುನರ್ವಸತಿ ಕೇಂದ್ರ ಇದನ್ನು ಬಲ್ಲ ಜಾಗಗಳು. ಅಲ್ಲಿ ಕೆಲವು ವಾರ ಒಳರೋಗಿಯಾಗಿ ಇದ್ದು ಕಲಿಯುವುದು, ಆ ಮೂರು ಇಂಜೆಕ್ಷನ್ನಿಗಿಂತ ತಮ್ಮನ ಬದುಕನ್ನು ಹೆಚ್ಚು ಬದಲಿಸುತ್ತದೆ.

ಮೂತ್ರದ ಪೈಪ್ ನನಗೆ ಎಲ್ಲಕ್ಕಿಂತ ಚಿಂತೆಯ ವಿಷಯ. ಐದು ತಿಂಗಳು ಒಳಗೇ ಇಟ್ಟ ಫೋಲಿ ಪೈಪ್ ಎಂದರೆ ಕಲ್ಲು, ಪದೇ ಪದೇ ಸೋಂಕು, ಮುಂದೆ ಮೂತ್ರಪಿಂಡಕ್ಕೆ ಪೆಟ್ಟು. ಅವನ ಎರಡೂ ಕೈ ಚೆನ್ನಾಗಿವೆ, ಆದ್ದರಿಂದ ನಾಲ್ಕರಿಂದ ಆರು ತಾಸಿಗೊಮ್ಮೆ ತಾನೇ ತೆಳು ಪೈಪ್ ಹಾಕಿ ಮೂತ್ರ ತೆಗೆದು ಪೈಪ್ ಹೊರಗೆಳೆಯುವ ಕ್ರಮ ಕಲಿಯಬಹುದು. ಕೈ ಸೋಪಿನಲ್ಲಿ ತೊಳೆದಿರಬೇಕು, ಒಮ್ಮೆಗೆ ಬರುವ ಮೂತ್ರ 400–500 ಮಿಲಿ ದಾಟಬಾರದು. ದಾಟಿದರೆ ಅಂತರ ಕಡಿಮೆ ಮಾಡಬೇಕು, ನೀರು ಕುಡಿಯುವುದನ್ನೇ ಬಿಡುವುದಲ್ಲ. ಇದನ್ನು ಶುರು ಮಾಡುವ ಮೊದಲು ಮೂತ್ರಪಿಂಡದ ಸ್ಕ್ಯಾನ್ ಮತ್ತು ಮೂತ್ರಕೋಶದ ಒತ್ತಡದ ಪರೀಕ್ಷೆ ಆಗಲಿ.

ಚರ್ಮದ ವಿಷಯ ನಿಮಗೆ ಆಸ್ಪತ್ರೆಯಲ್ಲೇ ಹೇಳಿರುತ್ತಾರೆ: ಮಲಗಿದಾಗ ಎರಡು ತಾಸಿಗೊಮ್ಮೆ ಮಗ್ಗುಲು, ಕುಳಿತಾಗ 15–20 ನಿಮಿಷಕ್ಕೊಮ್ಮೆ ಕೈಯೂರಿ ಕುಂಡೆ ಎತ್ತುವುದು ಅಥವಾ ಮುಂದಕ್ಕೆ ಬಾಗುವುದು, ರಾತ್ರಿ ಕನ್ನಡಿ ಹಿಡಿದು ಕುಂಡೆ, ಹಿಮ್ಮಡಿ ನೋಡಿಕೊಳ್ಳುವುದು. ಒಂದು ಮಾತು ಸೇರಿಸುತ್ತೇನೆ, ನಿಮ್ಮ ಕಡೆ ಈಗ ಚಳಿ. ಬಚ್ಚಲೊಲೆಯ ಮುಂದೆ ಕಾಲು ಕಾಯಿಸಲು ಕೂರಿಸಬೇಡಿ, ಬಿಸಿನೀರಿನ ಚೀಲ ಕೊಡಬೇಡಿ, ಸ್ನಾನದ ನೀರನ್ನು ನಿಮ್ಮ ಮೊಣಕೈ ಅದ್ದಿ ನೋಡಿ. ಕಾಲು ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ, ಆ ಗಾಯ ಮಾಯಲು ತಿಂಗಳುಗಳು ಬೇಕು. ಸೆಳೆತಕ್ಕೆ ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ.

ಡಿ10 ಗಾಯದ, ಕೈ ಗಟ್ಟಿ ಇರುವ 27ರ ಯುವಕ ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ದಾಟುತ್ತಾನೆ, ಸ್ನಾನ ಮಾಡುತ್ತಾನೆ, ಕೈಯಲ್ಲೇ ನಡೆಸುವ ಹಾಗೆ ಬದಲಿಸಿದ ಗಾಡಿ ಓಡಿಸುತ್ತಾನೆ, ದುಡಿಯುತ್ತಾನೆ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿ ವಾಕರ್ ಹಿಡಿದು ಕೆಲವು ಹೆಜ್ಜೆ ಇಡಬಹುದು, ಆದರೆ ಅದು ಬಹಳ ದಣಿಸುತ್ತದೆ, ದಿನದ ಓಡಾಟಕ್ಕೆ ಕುರ್ಚಿಯೇ ಸರಿ. ಕೂಡಿಟ್ಟ ಹಣವಿದ್ದರೆ ಅದು ಹೋಗಬೇಕಾದದ್ದು ಇಲ್ಲಿಗೆ: ಅವನ ಸೊಂಟದ ಅಳತೆಗೆ ಸರಿಯಾದ ಗಾಲಿಕುರ್ಚಿ, ಒಳ್ಳೆಯ ಕುಶನ್, ಜಗಲಿಗೆ ಇಳಿಜಾರು, ಮೂರು ಅಡಿ ಅಗಲದ ಬಚ್ಚಲ ಬಾಗಿಲು. ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಗಿಡ್ಡ ಮಾಡಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹೊಸ್ತಿಲುಗಳನ್ನು ತೆಗೆಸಲು ಹಿರಿಯರು ಒಪ್ಪದಿದ್ದರೆ ಎರಡೂ ಬದಿ ಮರದ ತುಂಡು ಇಳಿಜಾರಾಗಿ ಕೂರಿಸಬಹುದು.

ಸ್ಟೆಮ್ ಸೆಲ್ಲಿನ ಆಸೆ ಪೂರ್ತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಗಾಯಕ್ಕೂ ನರ ಸ್ಟೆಮ್ ಸೆಲ್ ಹಾಕಿ ನೋಡುವ ಪ್ರಯೋಗಗಳು ಇನ್ನಷ್ಟು ಬರುತ್ತವೆ. ಆಗ ಆಯ್ಕೆಯಾಗುವವರು ಹುಣ್ಣಿಲ್ಲದ ಚರ್ಮ, ಮಡಚಿ ಅಂಟಿಕೊಳ್ಳದ ಮಂಡಿ ಕೀಲು, ಸೋಂಕಿಲ್ಲದ ಮೂತ್ರ ಇರುವವರು, ಹಿಂದೆ ಎಲ್ಲೂ ಕೋಶ ಹಾಕಿಸಿಕೊಳ್ಳದವರು. ಒಂದು ಫೈಲ್ ಮಾಡಿಡಿ. ಪೆಟ್ಟಾದ ದಿನದ ಎಂಆರ್‌ಐ ಫಿಲ್ಮ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಹಾಕಿರುವ ರಾಡ್ ಯಾವ ಲೋಹದ್ದು ಎಂಬ ಚೀಟಿ, ಆರು ತಿಂಗಳಿಗೊಮ್ಮೆ ತುಂಬಿಸಿದ ಆ ಒಂದು ಪುಟದ ನಕ್ಷೆ ಅದರಲ್ಲಿರಲಿ. ಪುನರ್ವಸತಿ ಕೇಂದ್ರಕ್ಕೆ ಹೋಗುವಾಗ ಅದನ್ನೂ, ಸಾಧ್ಯವಾದರೆ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.